ನಿನ್ನ ಡಬ್ಬಕ್ಕೆ ಎರಡು ಪಾಲು

ತಿರುಪ್ಪೂರು
10 ಜೂನ್ 2024

ಗೋಕಿಲಕ್ಕನಿಗೆ ಧರಣಿಯ ನಮಸ್ಕಾರ.

ಫೋನ್ ಇರುವಾಗ ಇವಳಿಗೇಕೆ ಕಾಗದದ ಚಪಲ ಎಂದು ಬೈಯಬೇಡ. ಫೋನಿನಲ್ಲಿ ಮಾತಾಡಿದರೆ ಅತ್ತೆ ಕೇಳಿಸಿಕೊಳ್ಳುತ್ತಾರೆ. ಇರುವುದು ಎರಡು ಕೋಣೆಯ ಮನೆ, ನಾನಾಡುವುದೂ ಕನ್ನಡ, ಅವರಾಡುವುದೂ ಕನ್ನಡ. ತಮಿಳಲ್ಲಿ ಬರೆದರೆ ಮನೆಯವರೆಲ್ಲ ಓದುತ್ತಾರೆ. ಕನ್ನಡದಲ್ಲಿ ಬರೆದರೆ ನಮ್ಮ ಕುಲದಲ್ಲಿ ಓದಬಲ್ಲವರು ನಾವಿಬ್ಬರೇ. ಗುರುಸಾಮಿ ತಾತ ಮಗ್ಗದ ಗುಂಡಿಯಲ್ಲಿ ಕೂತು ಗೋಡೆಯ ಮೇಲೆ ಇದ್ದಿಲಿನಿಂದ ಅಕ್ಷರ ತಿದ್ದಿಸುವಾಗ ಗಂಡುಹುಡುಗರೆಲ್ಲ ಓಡಿಹೋದರು, ನಾವಿಬ್ಬರು ಕೂತೆವು. ಅದು ಇವತ್ತು ಕೆಲಸಕ್ಕೆ ಬಂತು.

ಹೋದ ವಾರ ಪೀಳಮೇಡಿನ ಆಸ್ಪತ್ರೆಗೆ ಹೋಗಿದ್ದೆವು, ನಾನೂ ಇವರೂ. ರಕ್ತ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಮೃದುವಾಗಿಯೇ ಹೇಳಿದರು. ಹೆಣ್ಣು ಹುಟ್ಟುವಾಗಲೇ ತನ್ನ ಮೊಟ್ಟೆಗಳನ್ನೆಲ್ಲ ತಂದಿರುತ್ತಾಳಂತೆ, ಹೊಸದು ಆಗುವುದಿಲ್ಲವಂತೆ, ಮೂವತ್ತೈದು ದಾಟಿದ ಮೇಲೆ ಬೇಗ ಬೇಗ ಕರಗುತ್ತವಂತೆ. ನನಗೆ ಮೂವತ್ತೊಂಬತ್ತು. ತಮ್ಮಂದಿರ ಓದು ಮುಗಿಯಲಿ ಎಂದು ಮೂವತ್ತಮೂರರ ತನಕ ಕಾದವಳು ನಾನೇ ಅಲ್ಲವೇ? ಉಳಿದಿರುವುದು ತೀರಾ ಕಡಿಮೆ ಎಂದರು. ಸೆಪ್ಟೆಂಬರ್ ತನಕ ನೋಡೋಣ, ಆಗದಿದ್ದರೆ ಬೇರೆ ಹೆಂಗಸಿನ ಮೊಟ್ಟೆ ತೆಗೆದುಕೊಳ್ಳುವ ದಾರಿ ಇದೆ ಎಂದರು. ಇವರು ತಲೆಯಾಡಿಸಿದರು. ಅಕ್ಕಾ, ಅಷ್ಟು ಸುಲಭವಾಗಿ ತಲೆಯಾಡಿಸಿದರು! ಹಾಗೆ ಮಾಡಿಸಿಕೊಂಡವರು ಎಷ್ಟೋ ಜನ ಸುಖವಾಗಿದ್ದಾರೆ, ನನಗೂ ಗೊತ್ತು. ಆದರೆ ಹೆದರಿಕೆಗೆ ಬುದ್ಧಿ ಹೇಳಿದರೆ ಕೇಳುತ್ತದೆಯೇ? ಹುಟ್ಟಿದ ಕೂಸಿನ ಮುಖದಲ್ಲಿ ಅಮ್ಮನನ್ನು ಹುಡುಕಿ, ಸಿಗದೆ, ಎಲ್ಲರೂ ನನ್ನನ್ನೇ ನೋಡುವ ಹಾಗೆ ಕನಸು ಬೀಳುತ್ತಿದೆ.

ನೀನು ಹೆಣ್ಣುಮಕ್ಕಳಿಗೆಂದೇ ಕಾಳಿನ ಹಿಟ್ಟು ಮಾಡಿ ಕೊಡುತ್ತೀಯಂತೆ, ಅದು ಗರ್ಭಕ್ಕೆ ಒಳ್ಳೆಯದಂತೆ. ನನಗೂ ಒಂದು ಡಬ್ಬ ಕಳಿಸು.

ನಿನ್ನ
ಧರಣಿ


ಕಿಣತ್ತುಕಡವು
17 ಜೂನ್ 2024

ಧರಣಿ ಕಣ್ಣು,

ಅಯ್ಯೋ ಮಂಕೇ, ಇಷ್ಟಕ್ಕೆಲ್ಲ ಹೀಗೆ ನಡುಗುತ್ತಾರಾ? ನೀನು ಚಿಕ್ಕಂದಿನಿಂದಲೂ ಹಗ್ಗ ಕಂಡರೆ ಹಾವು ಅನ್ನುವವಳೇ. ತಾತ ಇದ್ದಿಲು ಎತ್ತಿದರೆ ಹೊಡೆಯೋಕೆ ಎಂದು ನನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ.

ಪಾರ್ಸೆಲ್ ಮಾಡಿದ್ದೇನೆ. ರಾಗಿ, ಕಂಬು, ಹೆಸರು, ಉದ್ದು, ಎಳ್ಳು, ಬಾದಾಮಿ, ಇನ್ನೂ ಏನೇನೋ, ಒಟ್ಟು ಹದಿನಾಲ್ಕು. ನಾನೇ ಮೊಳಕೆ ಕಟ್ಟಿ, ನಾನೇ ಹುರಿದು, ಮಿಲ್ಲಿನಲ್ಲಿ ಎದುರು ನಿಂತು ಬೀಸಿಸಿದ್ದು. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ಹಾಲಿನಲ್ಲಿ ಕುದಿಸಿ ಕುಡಿ. ಎಲ್ಲ ಕಾಳೇ, ಬೇರೆ ಏನೂ ಇಲ್ಲ.

ಕಾಂಗೇಯಂನಲ್ಲಿ ಎಣ್ಣೆ ಗಾಣದವರ ಮನೆಯ ಸೊಸೆ ರಾಮಾತಾಳ್ ಎಂದು ಇದ್ದಾಳೆ. ನಲವತ್ತೊಂದು ವಯಸ್ಸು. ಒಂದು ವರ್ಷದಿಂದ ನನ್ನ ಹಿಟ್ಟು ಬಿಟ್ಟಿಲ್ಲ. ಅವಳ ಮುಖ ನೋಡಬೇಕು ನೀನು, ಹೊಸ ಮದುವಣಗಿತ್ತಿ! "ಅಕ್ಕಾ, ಈ ವರ್ಸ ನಿಂತೇ ನಿಲ್ಲುತ್ತೆ ನೋಡು" ಎನ್ನುತ್ತಾಳೆ. ಧೈರ್ಯ ಎಂದರೆ ಅದು.

ನಿನ್ನ ಭಾವ ಭೂಪತಿ ಈ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಏನೆ ಇದು, ಜಿಲೇಬಿ ಸುತ್ತಿದಂಗೆ ಇದೆ" ಎಂದು ಕೊಟ್ಟುಹೋದರು. ನಗು ಬಂತು.

ಗೋಕಿಲಕ್ಕ


ತಿರುಪ್ಪೂರು
14 ಜುಲೈ 2024

ಅಕ್ಕಾ,

ಬುಧವಾರ ಮುಟ್ಟಾದೆ. ಕಂಪನಿಯಲ್ಲಿ ಚೆಕಿಂಗ್ ಟೇಬಲ್ ಬಿಟ್ಟು ಬಾತ್‌ರೂಮಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಬಂದು ಮತ್ತೆ ಬನಿಯನ್ನಿನ ತೂತು ಹುಡುಕುತ್ತಾ ನಿಂತೆ. ದಿನವಿಡೀ ಬೇರೆಯವರ ಬಟ್ಟೆಯ ತೂತು ಹುಡುಕುವ ಕಣ್ಣು ಇದು, ನನ್ನೊಳಗಿನದು ಕಾಣಲಿಲ್ಲ.

ಆದರೂ ನಿನ್ನ ಹಿಟ್ಟು ಹಿಟ್ಟೇ ಅಕ್ಕಾ. ತಲೆ ಬಾಚಿದರೆ ಕೂದಲು ಉದುರುತ್ತಿಲ್ಲ. ಉಗುರು ಎಷ್ಟು ಗಟ್ಟಿಯಾಗಿದೆ ಎಂದರೆ ಕತ್ತರಿ ಇಲ್ಲದೆಯೇ ದಾರ ಕೀಳುತ್ತೇನೆ. ಹೊರಗೇ ಇಷ್ಟಾದರೆ ಒಳಗೆ ಎಷ್ಟು ಆಗಿರಬೇಡ! ನಾಲ್ಕು ಚಮಚ ಹೇಳಿದ್ದೆ, ನಾನು ಆರು ಹಾಕಿಕೊಳ್ಳುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಕಾಗದ ಹಿಡಿದು ಕೇಳಿದಳು, ಯಾವ ಮಾತ್ರೆ, ಟಾನಿಕ್, ನಾಟಿ ಔಷಧ ಏನಾದರೂ ತಗೊಳ್ತೀಯಾ ಎಂದು. ನೀವೇ ಕೊಟ್ಟ ಫೋಲಿಕ್ ಮಾತ್ರೆ ಬಿಟ್ಟು ಏನೂ ಇಲ್ಲ ಎಂದೆ. ಹೊರಗೆ ಬಂದ ಮೇಲೆ ಅತ್ತೆಯನ್ನು ಕೇಳಿದೆ, ಹಿಟ್ಟನ್ನೂ ಔಷಧ ಎಂದು ಹೇಳಬೇಕಿತ್ತೇನೋ ಎಂದು. "ಹಿಟ್ಟು ಯಾವತ್ತೆ ಮರುಂದಾಯ್ತು? ಹಂಗಂದ್ರೆ ಇಡ್ಲಿನೂ ಹೇಳು, ಸಾಂಬಾರ್ನೂ ಹೇಳು" ಎಂದರು. ಇಬ್ಬರೂ ನಕ್ಕೆವು.

ಅವರು ಕೆಟ್ಟವರಲ್ಲ. ಆದರೆ ಪಕ್ಕದ ಬೀದಿಯ ವಿಜಯಕುಮಾರಿಗೆ ಮೊನ್ನೆ ಎರಡನೆಯದು ಹುಟ್ಟಿದಾಗ ನೋಡಿಬಂದು, ನನ್ನೆದುರು ಆ ಕೂಸಿನ ಮಾತೇ ಎತ್ತಲಿಲ್ಲ. ಆಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಡಬ್ಬ ಮುಗಿಯುತ್ತಾ ಬಂತು. ಅತ್ತೆಗೂ ಮಂಡಿನೋವು, ಅವರೂ ಕುಡಿಯುತ್ತೇನೆ ಎನ್ನುತ್ತಿದ್ದಾರೆ.

ಧರಣಿ


ಕಿಣತ್ತುಕಡವು
21 ಜುಲೈ 2024

ಧರಣಿ,

ಎರಡು ಡಬ್ಬ ಕಳಿಸಿದ್ದೇನೆ. ಕೆಂಪು ಮುಚ್ಚಳದ್ದು ನಿನಗೆ, ಬಿಳಿ ಮುಚ್ಚಳದ್ದು ಅತ್ತೆಗೆ. ಅದಲುಬದಲು ಮಾಡಬೇಡ. ಯಾಕೆ ಎಂದು ಕೇಳಬೇಡ, ನಾನು ಹೇಳಿದಷ್ಟು ಮಾಡು.

ನನಗೂ ಮೈ ಸರಿಯಿಲ್ಲ. ಎದೆ ಡವಡವ ಎನ್ನುತ್ತದೆ ಎಂದು ಪೊಳ್ಳಾಚಿಯಲ್ಲಿ ರಕ್ತ ಕೊಟ್ಟೆ. ಥೈರಾಯ್ಡ್ ವಿಪರೀತ ಏರಿದೆ ಎಂದು ರಿಪೋರ್ಟ್ ಬಂದಿದೆ. ಡಾಕ್ಟರಿಗೇ ಏನೋ ಅನುಮಾನ, ಮತ್ತೆ ಬರಹೇಳಿದ್ದಾರೆ. ನನ್ನ ಚಿಂತೆ ನಿನಗೆ ಬೇಡ. ಹಾಲು ಕುಡಿ, ನಿದ್ದೆ ಮಾಡು.

ಗೋಕಿಲಕ್ಕ


ತಿರುಪ್ಪೂರು
16 ಆಗಸ್ಟ್ 2024

ಅಕ್ಕಾ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ದಿನ ತಪ್ಪಿ ಒಂಬತ್ತು ದಿನ. ಬಣ್ಣ ಹಾಕುವ ಡೈಯಿಂಗಿನಿಂದ ಬಂದ ಬಟ್ಟೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ, ಎದೆ ಭಾರ. ಮೆಡಿಕಲ್ ಶಾಪಿನ ಕಿಟ್ ಮನೆಗೆ ತಂದರೆ ಅತ್ತೆ ನೋಡುತ್ತಾರೆ ಎಂದು ಬುಧವಾರ ಇವರ ಜೊತೆ ಪೀಳಮೇಡಿಗೇ ಹೋಗಿ ರಕ್ತ ಕೊಟ್ಟೆ. ಎರಡು ಗಂಟೆ ಕಾದೆವು. ನನ್ನ ಕೈ ಇವರ ಕೈಯೊಳಗಿತ್ತು. ಮದುವೆಯಲ್ಲಿ ಹಿಡಿದದ್ದು ಬಿಟ್ಟರೆ ಅಷ್ಟು ಹೊತ್ತು ಹಿಡಿದದ್ದು ಅವತ್ತೇ.

ಇಲ್ಲ ಎಂದು ಬಂತು.

ಈ ವಯಸ್ಸಿನಲ್ಲಿ ಮೊಟ್ಟೆ ಮುಗಿಯುತ್ತಾ ಬಂದಾಗ ಮುಟ್ಟು ಹೀಗೆ ಏರುಪೇರಾಗುವುದುಂಟು, ಎರಡು ವಾರ ನೋಡಿ ಬಾ ಎಂದರು ಡಾಕ್ಟರಮ್ಮ. ಆಮೇಲೆ ಆ ಇನ್ನೊಂದು ದಾರಿಯ ಕಾಗದಕ್ಕೆ ಸಹಿ. ಅಕ್ಕಾ, ನಮ್ಮಮ್ಮನಿಗೆ ನಲವತ್ತೊಂದಕ್ಕೇ ನಿಂತಿತ್ತು. ನನಗೂ ನಿಂತುಹೋಯಿತಾ? ಬಸ್ಸಿನಲ್ಲಿ ಬರುವಾಗ ನನ್ನೊಳಗೆ ಯಾರೋ ದೀಪ ಆರಿಸಿ ಬಾಗಿಲು ಹಾಕಿಕೊಂಡು ಹೋದ ಹಾಗಿತ್ತು.

ಅತ್ತೆಗೆ ಹೇಳಲೇಬೇಕಾಯಿತು. "ಕೂಸೂ ಇಲ್ಲ, ಮುಟ್ಟೂ ಇಲ್ಲ ಅಂದ್ರೆ ರತ್ತ ಒಳಗೇ ಕಟ್ಟಿಕೊಂಡದೆ ಸಾಮಿ. ಅದನ್ನ ಇಳಿಸಬೇಕು" ಎಂದು ಕರಿಜೀರಿಗೆ, ಎಳ್ಳು, ತಾಳೆಬೆಲ್ಲ ಕುಟ್ಟಿ ಉಂಡೆ ಕಟ್ಟುತ್ತಿದ್ದಾರೆ. ಬರುವ ಶುಕ್ರವಾರದಿಂದ ದಿನಕ್ಕೊಂದು ತಿನ್ನಬೇಕಂತೆ, ಹತ್ತು ದಿನಕ್ಕೆ ಇಳಿದುಬಿಡುತ್ತದಂತೆ. ಇಲ್ಲದ ಕೂಸಿಗೆ ಉಂಡೆಯಿಂದ ಏನು ಕೇಡು? ತಿಂದುಬಿಡುತ್ತೇನೆ.

ನೀನು ಏನಾದರೂ ಧೈರ್ಯದ ಮಾತು ಬರೆ.

ಧರಣಿ


ಕಿಣತ್ತುಕಡವು
20 ಆಗಸ್ಟ್ 2024

ಧರಣಿ,

ಕೆಂಪು ಮುಚ್ಚಳದ ಡಬ್ಬದ ಹಿಟ್ಟು ತಿನ್ನಬೇಡ. ಈ ಸಲದ ಕಂಬಿನ ಕಾಳಿಗೆ ಹುಳ ಬಿದ್ದಿತ್ತು, ಬೀಸಿಸಿದ ಮೇಲೆ ಗೊತ್ತಾಯಿತು. ಎಸೆದುಬಿಡು. ಅತ್ತೆಯದನ್ನೂ ಎಸೆ.

ಉಂಡೆಯೂ ಬೇಡ. ಉಷ್ಣ. ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟು ನೋಡು. ಸುಮ್ಮನೆ ನೋಡು.

ಗೋಕಿಲಾ


ತಿರುಪ್ಪೂರು
24 ಆಗಸ್ಟ್ 2024

ಅಕ್ಕಾ,

ಧೈರ್ಯ ಕೇಳಿದರೆ ನಾಲ್ಕು ಸಾಲು ಗೀಚಿ ಕಳಿಸಿದ್ದೀಯ. "ಅಕ್ಕ" ಎಂದೂ ಬರೆದಿಲ್ಲ. ಇವಳ ಕಥೆ ಮುಗಿಯಿತು, ಇವಳಿಗೆ ಇನ್ನು ಹಿಟ್ಟು ದಂಡ ಎಂದುಕೊಂಡೆಯಾ? ಹಾಗಿದ್ದರೆ ನೇರವಾಗಿ ಹೇಳು, ಹುಳದ ಮೇಲೆ ಹಾಕಬೇಡ.

ಹಿಟ್ಟನ್ನು ಎರಡು ಸಲ ಸಣ್ಣ ಜರಡಿ ಹಿಡಿದೆ. ಒಂದು ಹುಳವಿಲ್ಲ. ದಿನಕ್ಕೆ ಮುನ್ನೂರು ಬನಿಯನ್ ತಪ್ಪು ಹಿಡಿಯುವ ಕಣ್ಣಿಗೆ ಹುಳ ಕಾಣದೆ ಇರುತ್ತದೆಯೇ? ಎಸೆಯಲು ಮನಸ್ಸು ಬರಲಿಲ್ಲ, ಕುಡಿಯುತ್ತಿದ್ದೇನೆ. ನನಗೆ ಅಂತ ಯಾರಾದರೂ ಮಾಡಿದ್ದು ಅದೊಂದೇ.

ನಿನ್ನೆ ಮೊದಲನೇ ಉಂಡೆ ತಿಂದೆ. ಕಹಿ. ಸಂಜೆ ಕಿಬ್ಬೊಟ್ಟೆ ಹಿಡಿದುಕೊಂಡಿತು. ಇವತ್ತು ಬೆಳಿಗ್ಗೆ ಬಟ್ಟೆಯಲ್ಲಿ ಒಂದು ಹನಿ, ಕಂದು ಬಣ್ಣ. "ಇಳೀತದೆ, ಇಳೀತದೆ" ಎಂದು ಅತ್ತೆ ತಲೆ ಸವರಿದರು. ಮತ್ತೆ ರಕ್ತ ಕೊಡುವುದಿಲ್ಲ ಅಕ್ಕಾ. ಎರಡನೇ ಸಲ "ಇಲ್ಲ" ಕೇಳುವ ಶಕ್ತಿ ನನಗಿಲ್ಲ.

ಧರಣಿ


ಕಿಣತ್ತುಕಡವು
26 ಆಗಸ್ಟ್ 2024
ಸ್ಪೀಡ್ ಪೋಸ್ಟ್

ಧರಣಿ, ನನ್ನ ಕಣ್ಣು,

ಉಂಡೆ ಮುಟ್ಟಬೇಡ. ಹಿಟ್ಟು ಮುಟ್ಟಬೇಡ. ಹುಳ ಎಂದದ್ದು ಸುಳ್ಳು.

ಇವತ್ತು ನಿನ್ನ ಕಾಗದ ಕೈಗೆ ಬಂದ ಕೂಡಲೇ ಫೋನ್ ಮಾಡಿದೆ. ಅತ್ತೆ ಎತ್ತಿ, ನೀನು ಮಲಗಿದ್ದೀಯ ಎಂದರು. "ಏನಮ್ಮಾ ವಿಸಯ, ನನ್ನತ್ರ ಹೇಳು" ಎಂದರು. ಹಿಟ್ಟು ಹೇಗಿದೆ ಎಂದು ಕೇಳಿ ಇಟ್ಟೆ. ಎಂಥ ಹೇಡಿ ನಾನು, ಥೂ.

ಅದು ಬರೀ ಕಾಳಲ್ಲ. ಎರಡು ವರ್ಷದಿಂದ ಅದಕ್ಕೆ ಒಂದು ಬಿಳಿ ಪುಡಿ ಬೆರೆಸುತ್ತಿದ್ದೇನೆ. ಶಣ್ಮುಗಂ ಎಂಬ ಏಜೆಂಟ್ ಕೊಯಮತ್ತೂರಿನಿಂದ ತಂದುಕೊಡುತ್ತಾನೆ. ಹೆಣ್ಣುಮಕ್ಕಳ ವಿಟಮಿನ್, ಗರ್ಭಕ್ಕೂ ಒಳ್ಳೆಯದು, ಕೂದಲು ಉಗುರಿಗೂ ಒಳ್ಳೆಯದು ಎಂದ. ನಾನೂ ತಿಂದೆ. ಹೇಳಿಬಿಟ್ಟರೆ "ಗೋಕಿಲಾ ಕೈಯ ಹಿಟ್ಟು" ಎನ್ನುವ ಮಾತು ಹೋಗುತ್ತದೆ ಎಂದು ಯಾರಿಗೂ ಹೇಳಲಿಲ್ಲ, ನಿನ್ನ ಭಾವನಿಗೂ.

ಈ ತಿಂಗಳ ಮೊದಲ ವಾರದಲ್ಲಿ ಪೊಳ್ಳಾಚಿ ಡಾಕ್ಟರ್ ಕೇಳಿದರು, ಕೂದಲಿನ ಮಾತ್ರೆ ಏನಾದರೂ ತಿಂತೀಯಾಮ್ಮಾ ಎಂದು. ಪುಡಿಯ ಪ್ಯಾಕೆಟ್ ತೋರಿಸಿದೆ. ಬಯೋಟಿನ್ ಎನ್ನುವ ವಿಟಮಿನ್ ಅಂತೆ. ತುಂಬ ತಿಂದರೆ ಕೆಲವು ರಕ್ತ ಪರೀಕ್ಷೆಗಳ ಲೆಕ್ಕವೇ ಕೆಡುತ್ತದಂತೆ. ಇಲ್ಲದ್ದನ್ನು ಇದೆ ಎನ್ನುತ್ತದೆ, ಇರುವುದನ್ನು ಇಲ್ಲ ಎನ್ನುತ್ತದೆ. ಒಂದು ವಾರ ಬಿಟ್ಟು ಮತ್ತೆ ನೋಡಿದಾಗ ನನ್ನ ಥೈರಾಯ್ಡ್ ನೆಟ್ಟಗಿತ್ತು. "ಮರುಂದಲ್ಲ ಅಂತ ಎಲ್ಲಾರೂ ಹೇಳದೆ ಬಿಟ್ಬಿಡ್ತಾರೆ. ಬಸುರಿಯ ಪರೀಕ್ಷೆನೂ ಹಿಂಗೇ ತಪ್ಪಾಗಬಹುದು" ಎಂದು ಅವರಾಗಿಯೇ ಹೇಳಿದರು. ಅವತ್ತು ಖುಷಿಯಾಗಿ ಮನೆಗೆ ಬಂದೆ. ನಾಲ್ಕು ದಿನಕ್ಕೆ ನಿನ್ನ ಕಾಗದ ಬಂತು, "ಇಲ್ಲ ಎಂದು ಬಂತು" ಎಂದು. ಆಗಲೇ ಹೇಳಬೇಕಿತ್ತು. ಹುಳದ ಕಥೆ ಕಟ್ಟಿದೆ. ನಿನಗೆ ಗೊತ್ತಾಗದ ಹಾಗೆ ನಿನ್ನನ್ನು ಉಳಿಸಿಬಿಡಬಹುದು ಎಂದುಕೊಂಡೆ.

ಇನ್ನೂ ಇದೆ, ಕೇಳು. ಕೆಂಪು ಮುಚ್ಚಳದ ಡಬ್ಬ ಬೇರೆ ಏಕೆ ಗೊತ್ತಾ? ಊರವರಿಗೆಲ್ಲ ಒಂದು ಪಾಲು ಪುಡಿ ಹಾಕಿದರೆ, ನಿನ್ನ ಡಬ್ಬಕ್ಕೆ ಎರಡು ಪಾಲು ಹಾಕಿದೆ. ನನಗೆ ನಲವತ್ತಮೂರಕ್ಕೇ ಮುಟ್ಟು ನಿಂತಿತು, ಯಾರಿಗೂ ಹೇಳಿಲ್ಲ. ನನ್ನ ಹೊಟ್ಟೆ ಬರಿದಾಗಿಯೇ ಹೋಯಿತು, ನಿನ್ನದಾದರೂ ತುಂಬಲಿ ಎಂದು, ನನ್ನ ತಂಗಿ ಎಂದು, ಆಸೆಯಿಂದ ಹಾಕಿದೆ. ಅತಿಯಾದರೆ ಅಮೃತವೂ ವಿಷ ಎಂದು ತಾತ ಗೋಡೆಯ ಮೇಲೆ ತಿದ್ದಿಸಿದ್ದರು. ಕೈ ತಿದ್ದಿತು, ತಲೆಗೆ ಹೋಗಲಿಲ್ಲ.

ಜೂನ್ ತಿಂಗಳಲ್ಲಿ ಮಾಡಿದ ಮೊದಲನೇ ಪರೀಕ್ಷೆ ಹಿಟ್ಟು ತಿನ್ನುವ ಮುಂಚಿನದು. ಅದು ನಿಜವೇ ಇರಬೇಕು, ನಿನ್ನಲ್ಲಿ ಉಳಿದಿರುವುದು ಕಡಿಮೆಯೇ. ಆ ಕಡಿಮೆಯಲ್ಲಿ ಒಂದು ನಿಂತಿದ್ದರೆ? ನಾನೇ ಅದಕ್ಕೆ "ಇಲ್ಲ" ಅನ್ನಿಸಿ, ಉಂಡೆ ತಿನ್ನಿಸಿದ ಹಾಗಾಯಿತಲ್ಲ!

ಈ ಕಾಗದ ಮುಗಿದ ಕೂಡಲೇ ಡಬ್ಬ ತೆಗೆದುಕೊಂಡು ಪೀಳಮೇಡಿಗೆ ಹೋಗು. ಎಲ್ಲ ಹೇಳು. ನನ್ನ ಹೆಸರೂ ಹೇಳು.

ಗೋಕಿಲಾ


ತಿರುಪ್ಪೂರು
30 ಆಗಸ್ಟ್ 2024

ಗೋಕಿಲಕ್ಕಾ,

ನಿನ್ನ ಸ್ಪೀಡ್ ಪೋಸ್ಟ್ ನನಗಿಂತ ಮೊದಲು ಇವರು ಓದಿದರು.

ಬುಧವಾರ ನಾನು ಕಂಪನಿಯಲ್ಲಿದ್ದೆ. ಹನ್ನೊಂದು ಗಂಟೆಗೆ ವಾಚ್‌ಮನ್ ಬಂದು ಕರೆದ. ಗೇಟಿನಲ್ಲಿ ಇವರು ಯಾರದೋ ಕಾರ್ ತಂದು ನಿಂತಿದ್ದರು. ಒಂದು ಕೈಯಲ್ಲಿ ಕೆಂಪು ಮುಚ್ಚಳದ ಡಬ್ಬ, ಇನ್ನೊಂದರಲ್ಲಿ ಉಂಡೆಯ ಡಬ್ಬ. "ಏನೂ ಕೇಳಬೇಡ, ಕಾರ್ ಹತ್ತು" ಎಂದರು. ಮುಖ ಸುಣ್ಣ ಬಳಿದ ಹಾಗಿತ್ತು. ದಾರಿಯಲ್ಲಿ ಹೇಳಿದರು. ಫೋನಿನ ಕ್ಯಾಮೆರಾವನ್ನು ಕಾಗದದ ಮೇಲೆ ಹಿಡಿದರೆ ಕನ್ನಡವೆಲ್ಲ ತಮಿಳಾಗಿ ಬರುತ್ತದಂತೆ. ಅರ್ಧಂಬರ್ಧ ಬರುತ್ತದಂತೆ, ಆದರೆ ಬರುತ್ತದೆ. ಜೂನ್‌ನಿಂದ ಅಕ್ಕಿ ಡಬ್ಬದ ಹಿಂದೆ ಇಟ್ಟ ನಿನ್ನ ಕಾಗದಗಳನ್ನೆಲ್ಲ ಓದಿದ್ದಾರೆ. ನನ್ನವನ್ನು ಪೋಸ್ಟ್ ಡಬ್ಬಕ್ಕೆ ಹಾಕುವ ಮೊದಲು ಓದಿದ್ದಾರೆ. ಇವರಿಗೆ ಅಕ್ಷರ ಬರುವುದಿಲ್ಲವಲ್ಲ ಎಂದು ನಾನೇ ಇವರ ಕೈಗೆ ಕೊಡುತ್ತಿದ್ದೆ!

ಕೋಪ ಬಂತು ಅಕ್ಕಾ, ನಾಚಿಕೆ ಆಯಿತು. ಕಾರು ನಿಲ್ಲಿಸಿ ಎಂದು ಕೂಗಿದೆ. "ಅವತ್ತು ತಲೆಯಾಡಿಸಿದ್ದು ಹೆದರಿಕೆಲಿ ಧರಣಿ. ನೀ ನನ್ನತ್ರ ಹೇಳ್ತೀಯ, ಹೇಳ್ತೀಯ ಅಂತ ಕಾದೆ. ನೀ ಹೇಳ್ಳಿಲ್ಲ, ನಾ ಓದ್ತಾ ಬಂದೆ" ಎಂದರು. ನಾನು ಎರಡೂ ಡಬ್ಬಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ.

ಡಾಕ್ಟರಮ್ಮ ಡಬ್ಬ ಮೂಸಿ, ನಿನ್ನ ಕಾಗದದ ತಮಿಳು ಓದಿ, ತಲೆಗೆ ಕೈ ಇಟ್ಟುಕೊಂಡರು. ನನ್ನನ್ನು ಬೈದರು, ನಿನ್ನನ್ನೂ ಬೈದರು. ಈಗ ರಕ್ತ ತೆಗೆದರೂ ನಂಬುವ ಹಾಗಿಲ್ಲ ಎಂದು ನೇರ ಸ್ಕ್ಯಾನಿಗೆ ಮಲಗಿಸಿದರು.

ಇದೆ ಅಕ್ಕಾ. ಏಳು ವಾರ. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ಏನೋ ಮಿಣಮಿಣ ಎನ್ನುತ್ತಿತ್ತು, ಅದೇ ಹೃದಯ ಎಂದರು.

ಆದರೆ ಬಡಿತ ನಿಧಾನವಂತೆ. ಚೀಲದ ಪಕ್ಕದಲ್ಲಿ ರಕ್ತ ನಿಂತಿದೆ. ಐದು ಉಂಡೆ ತಿಂದಿದ್ದೆ. ಉಂಡೆಯಿಂದಲೋ, ವಯಸ್ಸಿನಿಂದಲೋ, ಸುಮ್ಮನೆಯೋ, ಯಾರೂ ಹೇಳಲಾರರು ಎಂದರು. ಈ ವಯಸ್ಸಿನಲ್ಲಿ ನಿಂತದ್ದೂ ಜಾರುವುದು ಹೆಚ್ಚು ಎಂದೂ ಹೇಳಿದರು. ಬರುವ ಗುರುವಾರ ಹತ್ತು ಗಂಟೆಗೆ ಮತ್ತೆ ಸ್ಕ್ಯಾನ್. ಅಲ್ಲಿಯವರೆಗೆ ಕಾಯುವುದು ಬಿಟ್ಟು ಬೇರೆ ಮರುಂದಿಲ್ಲ.

ಅತ್ತೆಗೆ ಇವರೇ ಹೇಳಿದರು. ಅವರು ಉಂಡೆ ಕುಟ್ಟಿದ ಒರಳನ್ನು ಅಂಗಳಕ್ಕೆ ತಂದು ತೊಳೆದರು, ತೊಳೆದರು, ನಿಲ್ಲಿಸಲೇ ಇಲ್ಲ. ನಾನೇ ಹೋಗಿ ಕೈ ಹಿಡಿದು ಎಬ್ಬಿಸಿದೆ.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯಲು ಕೈ ಬರುತ್ತಿಲ್ಲ. ದ್ವೇಷವೂ ಬರುತ್ತಿಲ್ಲ. ಗುರುವಾರ ಹೃದಯ ಬಡಿಯುತ್ತಿದ್ದರೆ ಫೋನ್ ಮಾಡುತ್ತೇನೆ, ಅತ್ತೆಯ ಎದುರೇ ಮಾತಾಡುತ್ತೇನೆ. ಇಲ್ಲದಿದ್ದರೆ ಕಾಗದ ಬರೆಯುತ್ತೇನೆ, ಅದನ್ನು ಬಾಯಲ್ಲಿ ಹೇಳಲಾರೆ.

ಇನ್ನೊಂದು. ನಿನ್ನ ಹಿಟ್ಟು ತಿನ್ನುವವರು ಎಷ್ಟು ಮನೆ? ಅವರಲ್ಲಿ ಎಷ್ಟು ಜನಕ್ಕೆ "ಇಲ್ಲ" ಎಂದು ಬಂದಿದೆ? ಅವರಿಗೆ ಯಾರು ಹೇಳುತ್ತಾರೆ?

ಧರಣಿ


ಕಿಣತ್ತುಕಡವು
5 ಸೆಪ್ಟೆಂಬರ್ 2024, ಗುರುವಾರ

ಧರಣಿ,

ಹತ್ತು ಗಂಟೆಯಿಂದ ಫೋನ್ ಮುಂದೆ ಕೂತಿದ್ದೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಬರೆಯುತ್ತಿದ್ದೇನೆ. ನಿನ್ನ ಭಾವನಿಗೆ ಎಲ್ಲ ಹೇಳಿದೆ. ಉಳಿದ ಪುಡಿಯನ್ನೂ ಹಿಟ್ಟನ್ನೂ ತೋಟದಲ್ಲಿ ಗುಂಡಿ ತೋಡಿ ಹೂತರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಮನೆಗೆ ಹೋಗುತ್ತಿದ್ದೇನೆ. ಒಟ್ಟು ಮೂವತ್ತು ಮನೆ, ಹತ್ತೊಂಬತ್ತು ಆಯಿತು. ಶಿವಗಾಮಿ ಎನ್ನುವವಳು ಬಾಗಿಲು ಹಾಕಿಕೊಂಡಳು. ಒಬ್ಬಳು ಡಬ್ಬವನ್ನು ನನ್ನ ಕಾಲ ಬಳಿ ಎಸೆದಳು. ಎಲ್ಲ ಸರಿಯೇ.

ಹನ್ನೊಂದೂವರೆ. ಈಗ ಪೋಸ್ಟ್‌ಮ್ಯಾನ್ ಗಾಡಿ ಬೀದಿಯಲ್ಲಿ ಬಂತು. ಇವತ್ತಿನ ಕಾಗದ ಇವತ್ತೇ ಹೇಗೆ ಬರುತ್ತದೆ ಎಂದು ಗೊತ್ತಿದ್ದರೂ ಕಿವಿ ಮುಚ್ಚಿಕೊಂಡೆ.

ಹನ್ನೆರಡೂಕಾಲು. ಇನ್ನೂ ಇಲ್ಲ. ತಾಯೀ, ಮಾರಿಯಮ್ಮಾ.

ಮಧ್ಯಾಹ್ನ ಮೂರು. ಒಂದು ಗಂಟೆಗೆ ಫೋನ್ ಬಂತಲ್ಲ, ಅದು ನಿನ್ನ ನಂಬರಲ್ಲ, ನಿನ್ನ ಗಂಡ ಪ್ರೇಮ್ ಕುಮಾರ್ ಅವರ ನಂಬರ್. ಫೋನ್ ಮಾಡುವ ಮಾತು ಕೊಟ್ಟವಳು ನೀನು, ಅವರಲ್ಲ. ಎತ್ತಲು ಧೈರ್ಯ ಬರಲಿಲ್ಲ. ಅದು ಕೂಗಿ ಕೂಗಿ ನಿಂತಿತು. ಎರಡನೇ ಸಲ ಕೂಗಿದಾಗ ಎತ್ತಿದೆ. "ಅಕ್ಕಾ" ಎಂದೆ ನೀನು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಆಮೇಲೆ ನೀನು ಬಡಿತ ಸರಿಯಾಗಿದೆ ಎಂದದ್ದು, ಅತ್ತೆ ಹಿಂದಿನಿಂದ "ಅವಳಿಗೆ ಹೇಳು, ಇನ್ನೂ ಮೂರು ತಿಂಗಳು ಬಾಯಿ ಬಿಡಬಾರ್ದು ಅಂತ" ಎಂದದ್ದು, ನಾನು ಗೊಳೋ ಎಂದು ಅತ್ತದ್ದು, ಎಲ್ಲ ನಿನಗೆ ಗೊತ್ತೇ ಇದೆ. ಹೆದರಿಕೆ ಇನ್ನೂ ಹೋಗಿಲ್ಲ ಎಂದೆಯಲ್ಲ, ನನಗೂ ಹೋಗಿಲ್ಲ.

ಫೋನಿನಲ್ಲಿ ಹೇಳಲಾಗದ್ದು ಒಂದಿದೆ.

ನಾಳೆ ಬೆಳಿಗ್ಗೆ ಕಾಂಗೇಯಂಗೆ ಹೋಗುತ್ತಿದ್ದೇನೆ, ರಾಮಾತಾಳ್ ಮನೆಗೆ. ಅವಳನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂದುಕೊಂಡಿದ್ದೆ, ಇನ್ನು ಆಗುವುದಿಲ್ಲ. ಈ ವರ್ಷ ಅವಳಿಗೆ ಎರಡು ಸಲ ದಿನ ತಪ್ಪಿತ್ತು, ಎರಡು ಸಲವೂ ರಕ್ತ ಕೊಟ್ಟಳು, ಎರಡು ಸಲವೂ ಇಲ್ಲ ಎಂದು ಬಂತು. ಎರಡು ಸಲವೂ ನನ್ನನ್ನೇ ಕೇಳಿದಳು, ಏನು ಮಾಡಲಿ ಅಕ್ಕಾ ಎಂದು. ಕರಿಜೀರಿಗೆ ಉಂಡೆ ತಿನ್ನು, ಇಳಿದುಹೋಗುತ್ತದೆ ಎಂದು ಹೇಳಿಕೊಟ್ಟವಳು ನಾನೇ. ಇಳಿಯಿತು. ಅದು ಏನಾಗಿತ್ತೋ ಇನ್ನು ಯಾವ ಡಾಕ್ಟರೂ ಹೇಳಲಾರರು.

ಆರು ಗಂಟೆಯ ಬಸ್ಸು. ಹಿಟ್ಟಿನ ಡಬ್ಬ ಇಲ್ಲದೆ ಅವಳ ಮನೆಗೆ ನಾನು ಒಂದು ಸಲವೂ ಹೋದವಳಲ್ಲ.

ಗೋಕಿಲಾ